ಕರೆಂಟು ಬೇಡದ ಕೊಡ

ಸಾಲೋಟಗಿ
೧೨ ಏಪ್ರಿಲ್ ೨೦೦೬

ಕೋಮಲ ಅಕ್ಕೋರಿಗೆ,

ಸಾಲೋಟಗಿಯ ವಿದ್ಯಾವತಿಯ ನಮಸ್ಕಾರ. ಯಾವ ವಿದ್ಯಾವತಿ ಎಂದು ತಲೆ ಕೆರೆದುಕೊಳ್ಳಬೇಡಿ. ಬಿಜಾಪುರದ ಡಾಕ್ಟರ್ ಮೇಡಂ ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂತು, ನಿಮ್ಮ ಬುತ್ತಿಯ ಶೇಂಗಾ ಹೋಳಿಗೆಯನ್ನು ನಿಮಗಿಂತ ಹೆಚ್ಚು ತಿಂದವಳು ನಾನೇ. ಹೊರಡುವಾಗ ಮುದ್ದೇಬಿಹಾಳದಲ್ಲಿ ನೀವು ಪಾಠ ಹೇಳುವ ಶಾಲೆಯ ವಿಳಾಸ ಕೊಟ್ಟಿದ್ದಿರಿ. ನಿಜವಾಗಿಯೂ ಬರೆಯುತ್ತೇನೆ ಎಂದು ನೀವು ಅಂದುಕೊಂಡಿರಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಫೋನು ಪಡಸಾಲೆಯಲ್ಲಿದೆ, ಅತ್ತೆಯವರ ಕಿವಿಯೂ ಅಲ್ಲೇ ಇದೆ. ಅತ್ತೆ ಲಕ್ಕವ್ವನವರಿಗೆ ನಾನು ಬಿಜಾಪುರಕ್ಕೆ ಹೋಗುವುದು ಹೊಟ್ಟೆನೋವಿನ ಔಷಧಿಗೆ ಎಂದಷ್ಟೇ ಗೊತ್ತು. ಹಾಗಾಗಿ ಉತ್ತರವನ್ನು ಇಂಡಿಯಲ್ಲಿ ನಾನು ನಡೆಸುವ ಹೊಲಿಗೆ ಕ್ಲಾಸಿನ ವಿಳಾಸಕ್ಕೆ ಬರೆಯಿರಿ.

ಆ ದಿನ ನೀವು ಹೋದ ಮೇಲೆ ಮೇಡಂ ನನ್ನನ್ನು ಒಳಗೆ ಕರೆದು ಬಿಡಿಸಿ ಹೇಳಿದರು. ನನಗೆ ಮೂವತ್ತೆಂಟು ತುಂಬಿದೆ, ಇನ್ನೊಮ್ಮೆ ಅಂಡಾಣು ತೆಗೆಯಲು ನನ್ನಲ್ಲಿ ಉಳಿದಿಲ್ಲ. ಹೆಪ್ಪುಗಟ್ಟಿಸಿ ಇಟ್ಟಿರುವ ಎರಡು ಭ್ರೂಣಗಳೇ ನನ್ನ ಪಾಲಿಗೆ ಎಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವನ್ನು ಗರ್ಭಕ್ಕೆ ಸೇರಿಸೋಣ, ಅಲ್ಲಿಯವರೆಗೆ ಔಷಧಿ ತಗೊಂಡು ಗಟ್ಟಿಯಾಗು ಎಂದರು. ಬಸ್ಸಿನಲ್ಲಿ ಬರುವಾಗ ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನ ಎರಡು ಮಕ್ಕಳು ಬಿಜಾಪುರದಲ್ಲಿ ಮಲಗಿವೆ ಎಂದು ಪಕ್ಕದ ಸೀಟಿನವಳಿಗೆ ಹೇಳಿಯೇ ಬಿಡುತ್ತಿದ್ದೆ.

ಮನೆಗೆ ಬಂದರೆ ಕರೆಂಟು ಇಲ್ಲ. ಫ್ರಿಜ್ಜು ತೆರೆದರೆ ಹಾಲು ಒಡೆದಿತ್ತು. ಆ ಪಾತ್ರೆ ಹಿಡಿದುಕೊಂಡೇ ಅಳುತ್ತ ಕೂತುಬಿಟ್ಟೆ ನೋಡಿ. ಬಿಜಾಪುರದಲ್ಲೂ ಕರೆಂಟು ಹೋಗುತ್ತದಲ್ಲ, ಆಗ ನಮ್ಮವುಗಳ ಗತಿ ಏನು?

ನಮ್ಮ ಮನೆಯವರು ಸಂಗಮೇಶ, ನಿಮಗೆ ಗೊತ್ತಲ್ಲ, ಇಂಡಿಯಲ್ಲಿ ಮದುವೆಗಳಿಗೆ ಶಾಮಿಯಾನ, ಜನರೇಟರ್ ಬಾಡಿಗೆ ಕೊಡುವವರು. ನಾನು ಅತ್ತದ್ದು ನೋಡಿದರು. ಮರುದಿನವೇ ದೊಡ್ಡ ಜನರೇಟರನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಆಸ್ಪತ್ರೆಯ ಹಿಂದೆ ಇಳಿಸಿ, ನಮ್ಮ ಆಳು ಸೋಮನಿಂಗನನ್ನು ಅಲ್ಲೇ ಕೂರಿಸಿ ಬಂದಿದ್ದಾರೆ. ಕರೆಂಟು ಹೋದ ತಕ್ಷಣ ಅವನು ಚಾಲೂ ಮಾಡುತ್ತಾನೆ. ಮದುವೆಗಳ ಈ ಲಗ್ನಸರಾಯಿಯಲ್ಲಿ ಜನರೇಟರ್ ಎಲ್ಲಿ ಹೋಯಿತು ಎಂದು ಊರೆಲ್ಲ ಕೇಳುತ್ತಿದೆ, ಇವರು ರಿಪೇರಿಗೆ ಎನ್ನುತ್ತಿದ್ದಾರೆ. ನಿಮ್ಮವೂ ಅದೇ ಆಸ್ಪತ್ರೆಯಲ್ಲಿ ಇವೆಯಲ್ಲ, ಅದಕ್ಕೇ ಈ ಸುದ್ದಿ. ನೀವೂ ಇನ್ನು ನಿಶ್ಚಿಂತೆಯಿಂದ ನಿದ್ದೆ ಮಾಡಿ.

ಇತಿ,
ವಿದ್ಯಾವತಿ


ಮುದ್ದೇಬಿಹಾಳ
೨೪ ಏಪ್ರಿಲ್ ೨೦೦೬

ವಿದ್ಯಾವತಿಯವರಿಗೆ,

ನಿಮ್ಮ ಪತ್ರ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದರು. ಉತ್ತರಪತ್ರಿಕೆ ತಿದ್ದುತ್ತಿದ್ದೇನೆ ಎಂದೆ.

ನಿಮ್ಮವರಿಗೆ ಹೇಳಿ, ಜನರೇಟರ್ ಮನೆಗೆ ತರಲಿ. ಆ ಭ್ರೂಣಗಳಿಗೆ ಕರೆಂಟೇ ಬೇಡ. ಅವು ಫ್ರಿಜ್ಜಿನಲ್ಲಿ ಇಲ್ಲ. ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಮುಳುಗಿವೆ. ನಮ್ಮ ಚಹದ ಥರ್ಮಾಸ್ ಇದೆಯಲ್ಲ, ಹಾಗೆಯೇ ಎರಡು ಗೋಡೆಯ ಕ್ಯಾನು, ನಡುವೆ ಗಾಳಿಯೂ ಇಲ್ಲ. ವಾರಗಟ್ಟಲೆ ಕರೆಂಟು ಹೋದರೂ ಒಳಗಿನ ಥಂಡಿ ಕದಲುವುದಿಲ್ಲ. ನೈಟ್ರೋಜನ್ ದಿನವೂ ಚೂರುಚೂರು ಆವಿಯಾಗುತ್ತದೆ, ಅದನ್ನು ಆಗಾಗ ತುಂಬಿಸುತ್ತಿದ್ದರೆ ಸಾಕು. ಭ್ರೂಣವನ್ನು ಹೊರತೆಗೆದ ದಿನ ಬೆಚ್ಚಗಿಡುವ ಯಂತ್ರಕ್ಕೆ ಮಾತ್ರ ಕರೆಂಟು ಬೇಕು, ಅದಕ್ಕೆ ಮೇಡಂ ಹತ್ತಿರ ಅವರದೇ ಜನರೇಟರ್ ಇದೆ.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಿ. ನಮ್ಮ ಮನೆಯವರು ಅರುಣಕುಮಾರ ಬಾಗೇವಾಡಿ ತಾಲೂಕಿನ ಮಸೂತಿಯಲ್ಲಿ ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು. ಕೋಣದ ವೀರ್ಯವನ್ನು ಇಂಥದೇ ಕ್ಯಾನಿನಲ್ಲಿ ಇಟ್ಟುಕೊಂಡು ಬೈಕಿನ ಮೇಲೆ ಹಳ್ಳಿ ಹಳ್ಳಿ ತಿರುಗುತ್ತಾರೆ. ಮಸೂತಿಯಲ್ಲಿ ಕರೆಂಟು ಇರುವುದೇ ಅಪರೂಪ, ಆದರೂ ಅಲ್ಲಿಯ ಎಮ್ಮೆಗಳು ತಪ್ಪದೆ ಗಬ್ಬವಾಗುತ್ತಿವೆ. ಮಸೂತಿಯ ಎಮ್ಮೆಗೆ ಆದದ್ದು ನಮಗೆ ಆಗದೇ?

ನಿಮ್ಮ,
ಕೋಮಲ


ಸಾಲೋಟಗಿ
೨ ಮೇ ೨೦೦೬

ಶ್ರೀಮತಿ ಕೋಮಲ ಅವರಿಗೆ,

ಪತ್ರ ತಲುಪಿತು. ನೀವು ಓದಿದವರು, ಕಲಿಸುವವರು. ನನ್ನ ಮಕ್ಕಳನ್ನು ಎಮ್ಮೆಯ ಕರುವಿನ ಸಾಲಿಗೆ ಸೇರಿಸಿದ್ದು ನಿಮಗೆ ತಮಾಷೆಯಾಗಿರಬಹುದು. ಹದಿನೇಳು ವರ್ಷ ಕಾದವಳಿಗೆ ಅದು ತಮಾಷೆಯಲ್ಲ.

ಜನರೇಟರ್ ಇದ್ದಲ್ಲೇ ಇರುತ್ತದೆ.

ವಿದ್ಯಾವತಿ


ಬಿಜಾಪುರದಿಂದ ಮುದ್ದೇಬಿಹಾಳಕ್ಕೆ, ಬಸ್ಸಿನಲ್ಲಿ
೧೮ ಜೂನ್ ೨೦೦೬

ವಿದ್ಯಕ್ಕ,

ಅಕ್ಕ ಎನ್ನಲು ಅಪ್ಪಣೆ ಕೇಳುತ್ತಿಲ್ಲ, ಸಿಟ್ಟು ಬಂದರೆ ಇನ್ನೊಂದು ಖಡಕ್ ಪತ್ರ ಬರೆಯಿರಿ. ಒಂದೂವರೆ ತಿಂಗಳು ನಿಮ್ಮ ಆ ನಾಲ್ಕು ಸಾಲನ್ನು ತೆಗೆದು ತೆಗೆದು ಓದಿದೆ. ನಾನು ಹಾಗೆ ಬರೆಯಬಾರದಿತ್ತು. ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಎಮ್ಮೆಯದೇ ಮಾತು, ಅದು ನಮಗೆ ಕೀಳು ಅನಿಸುವುದಿಲ್ಲ. ನಿಮಗೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸಲಿಲ್ಲ, ತಪ್ಪಾಯಿತು.

ಈಗ ಸುದ್ದಿ. ಇವತ್ತು ನನ್ನ ತಪಾಸಣೆ ಇತ್ತು, ಆಸ್ಪತ್ರೆಗೆ ಹೋಗಿದ್ದೆ. ಹಿಂದಿನ ಓಣಿಗೆ ಹೋಗಿ ನಿಮ್ಮ ಜನರೇಟರ್ ನೋಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಸೋಮನಿಂಗ ಬೀಡಿ ಒಗೆದು ಎದ್ದು, ದೇವರಿಗೆ ಕೈಮುಗಿದಂತೆ ಮುಗಿದು, ಹಗ್ಗ ಎಳೆದು ಚಾಲೂ ಮಾಡಿದ. ಓಣಿಯೆಲ್ಲ ಗಡಗಡ. ಹೊಗೆಯ ನಡುವೆ ನಾನು ವೈರು ಎಲ್ಲಿದೆ ಎಂದು ಹುಡುಕಿದೆ. ಅಕ್ಕ, ವೈರೇ ಇಲ್ಲ. ಅದರಿಂದ ಒಂದು ಎಳೆಯೂ ಆಸ್ಪತ್ರೆಯೊಳಗೆ ಹೋಗಿಲ್ಲ. ಸೋಮನಿಂಗನಿಗೆ ಕೇಳಿದೆ. "ಚಾಲೂ ಮಾಡು ಅಂದಾರ್ರಿ, ಜೋಡಸು ಅಂದಿಲ್ರಿ" ಎಂದ. ಆಸ್ಪತ್ರೆಯವರು ಅದನ್ನು ಪಕ್ಕದ ಕಲ್ಯಾಣ ಮಂಟಪದ್ದು ಎಂದುಕೊಂಡಿದ್ದಾರೆ, ಮಂಟಪದವರು ಆಸ್ಪತ್ರೆಯದು ಎಂದುಕೊಂಡಿದ್ದಾರೆ. ಎರಡು ತಿಂಗಳಿಂದ ಅದು ಸುಮ್ಮನೆ ಗಾಳಿಗೆ ಓಡುತ್ತಿದೆ.

ಒಳಗೆ ಲ್ಯಾಬಿನ ಭಾಗ್ಯಜ್ಯೋತಿ ಸಿಸ್ಟರ್ ಇದ್ದರು. ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ಕತ್ತು ಸಣ್ಣ, ಹೊಟ್ಟೆ ದಪ್ಪ, ನೀರಿನ ಕೊಡದಂತೆಯೇ ಇದೆ ಆ ಕ್ಯಾನು. ಮುಚ್ಚಳ ತೆಗೆದರೆ ಬಿಳಿ ಹೊಗೆ ಕೆಳಗೆ ಹರಿಯುತ್ತದೆ. ಕಟ್ಟಿಗೆಯ ಅಳತೆ ಕೋಲನ್ನು ತಳದವರೆಗೆ ಇಳಿಸಿ, ಹೊರಗೆ ತೆಗೆದು ಗಾಳಿಯಲ್ಲಿ ಬೀಸಿದರು. ದ್ರವದಲ್ಲಿ ಮುಳುಗಿದ್ದಷ್ಟಕ್ಕೆ ಬಿಳಿ ಮಂಜು ಕೂತಿತು. ಮಂಜು ಎಲ್ಲಿಯವರೆಗೋ ನೈಟ್ರೋಜನ್ ಅಲ್ಲಿಯವರೆಗೆ. ನಿಮ್ಮ ಹೆಸರಿನ ಸಣ್ಣ ನಳಿಕೆಗಳು ಅದರ ತಳದಲ್ಲಿವೆ. ಮೇಡಂ ಜನರೇಟರ್ ಬೆಚ್ಚಗಿಡುವ ಯಂತ್ರಕ್ಕಷ್ಟೇ, ಉಳಿದ ಆಸ್ಪತ್ರೆಯಲ್ಲಿ ಆಗ ಕರೆಂಟು ಇರಲಿಲ್ಲ, ಅವು ಆರಾಮಾಗಿ ಇದ್ದವು. ಇದನ್ನು ನಿಮಗೋಸ್ಕರವೇ ಕಣ್ಣಿಟ್ಟು ನೋಡಿ ಬಂದಿದ್ದೇನೆ.

ಅಕ್ಷರ ಕೆಟ್ಟಿದ್ದರೆ ಬೈಯಬೇಡಿ, ರಸ್ತೆ ಹಾಗಿದೆ.

ಕೋಮಲ


ಸಾಲೋಟಗಿ
೨೬ ಜೂನ್ ೨೦೦೬

ಪ್ರೀತಿಯ ಕೋಮಲ,

ಇನ್ನು ನಿನಗೆ ಅಕ್ಕೋರ ಎನ್ನುವುದಿಲ್ಲ, ನೀವು ಎನ್ನುವುದೂ ಇಲ್ಲ. ನನ್ನ ಬಾಯಿ ಎಂಥದು ಎಂದು ನೀನೇ ನೋಡಿದೆ. ಅಂಚೆಯವನು ಆ ಪತ್ರ ಒಯ್ದ ಮೇಲೆ ಅವನ ಹಿಂದೆ ಓಡಿಹೋಗಿ ಕಸಿದುಕೊಂಡು ಬರಬೇಕು ಅನಿಸಿತ್ತು. ಆದರೆ ಕೊಬ್ಬು, ಓಡಲಿಲ್ಲ.

ನಿನ್ನ ಪತ್ರವನ್ನು ಇವರ ಎದುರಿಗೆ ಹಿಡಿದೆ. ಎರಡು ಸಲ ಓದಿದರು. ಕಿವಿ ಕೆಂಪಾದವು. ಜಿಲ್ಲೆಯ ದೊಡ್ಡ ದೊಡ್ಡ ಮದುವೆಗಳಿಗೆ ಬೆಳಕು ಮಾಡಿದ ಮನುಷ್ಯ ವೈರು ಜೋಡಿಸುವುದು ಮರೆಯುತ್ತಾನೆಯೇ ಎಂದು ಕೇಳಿದೆ. ಕಡೆಗೆ ಒಪ್ಪಿಕೊಂಡರು. "ಮೇಡಂಗ ಕೇಳಾಕ ನಾಚಿಕಿ ಬಂತು. ಕೇಳಿದ್ರ, ಬ್ಯಾಡ ತಗೊಂಡ ಹೋಗ್ರಿ ಅಂತಿದ್ರು. ನೀ ಮತ್ತ ಅಳ್ತಿದ್ದಿ." ಕೋಮಲ, ನನಗೆ ನಿದ್ದೆ ಬರಲಿ ಎಂದು ಈ ಮನುಷ್ಯ ಎರಡು ತಿಂಗಳು ಖಾಲಿ ಜನರೇಟರ್ ಓಡಿಸಿದ್ದಾನೆ. ನಗಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಅತ್ತೆ ಹೊರಗೆ ಹೋದದ್ದು ನೋಡಿ ಎರಡನ್ನೂ ಮಾಡಿದೆ.

ಜನರೇಟರ್ ಮನೆಗೆ ಬಂತು. ಸೋಮನಿಂಗ ಮಾತ್ರ ಬೇಜಾರಾಗಿದ್ದಾನೆ, ಅಲ್ಲಿ ಚಹ ಚೆನ್ನಾಗಿ ಸಿಗುತ್ತಿತ್ತಂತೆ.

ಈಗ ನನಗೆ ಒಂದೇ ಕನಸು. ನಿನ್ನವೂ ನನ್ನವೂ ಒಂದೇ ಕೊಡದಲ್ಲಿ ಪಕ್ಕಪಕ್ಕ ಮಲಗಿವೆ. ಹುಟ್ಟುವ ಮೊದಲೇ ನೆರೆಹೊರೆ. ನಿನಗೆ ಯಾವಾಗ ಸೇರಿಸುತ್ತಾರೆ? ಇಬ್ಬರೂ ಒಂದೇ ವಾರ ಹೋಗೋಣ. ಪಕ್ಕಪಕ್ಕದ ಮಂಚ ಕೊಡಿ ಎಂದು ನಾನೇ ಮೇಡಂಗೆ ಕೇಳುತ್ತೇನೆ, ನಾನು ಇವರ ಹಾಗೆ ನಾಚುವವಳಲ್ಲ. ಬೇಗ ಬರೆ.

ನಿನ್ನ,
ವಿದ್ಯಕ್ಕ


ಮುದ್ದೇಬಿಹಾಳ
೧೬ ಆಗಸ್ಟ್ ೨೦೦೬

ವಿದ್ಯಕ್ಕ,

ಉತ್ತರ ತಡವಾಯಿತು. ಮೊದಲು ಕೊನೆಯ ಮಾತು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು ಓದಿ: ನಿಮ್ಮವು ಸುರಕ್ಷಿತವಾಗಿವೆ. ನೈಟ್ರೋಜನ್ ಕ್ಯಾನಿನ ಕತ್ತಿನವರೆಗೆ ತುಂಬಿದೆ. ಕಳೆದ ವಾರ ಅದು ತಳ ಕಂಡಿತ್ತು. ನೀವು ಔಷಧಿಯಲ್ಲಿದ್ದೀರಿ, ಹೆದರಿಸುವುದು ಬೇಡ ಎಂದು ನಾವೆಲ್ಲ ಸೇರಿ ಮುಚ್ಚಿಟ್ಟೆವು. ಎಲ್ಲ ಎಂದರೆ ನಿಮ್ಮ ಮನೆಯವರೂ ಸೇರಿ. ಅವರು ಬಾಗೇವಾಡಿಗೆ ಪೆಂಡಾಲ್ ಹಾಕಲು ಹೋಗಿರಲಿಲ್ಲ.

ಭೀಮೆಗೆ ಮಹಾಪೂರ ಬಂದದ್ದು ನಿಮಗೇ ಗೊತ್ತು. ಝಳಕಿಯ ಆಚೆ ಹೊಳೆ ದಾಟುವುದೇ ಬಂದಾಯಿತು. ಬಿಜಾಪುರದ ಆಸ್ಪತ್ರೆಗೆ ನೈಟ್ರೋಜನ್ ತರುವ ಲಾರಿ ಸೋಲಾಪುರದ ಕಡೆಯಿಂದ ಬರಬೇಕು, ಅದು ಆ ದಂಡೆಯಲ್ಲೇ ನಿಂತಿತು. ಮೇಡಂ ಹುಬ್ಬಳ್ಳಿಯವರೆಗೂ ಫೋನು ಮಾಡಿದರಂತೆ, ಬೇಗ ಬರುವವರು ಸಿಗಲಿಲ್ಲ. ಭಾಗ್ಯಜ್ಯೋತಿ ಸಿಸ್ಟರಿಗೆ ನಮ್ಮ ಮನೆಯವರ ನೌಕರಿ ನೆನಪಾಗಿ ಶಾಲೆಗೆ ಫೋನು ಮಾಡಿದರು. ಕೋಲಿನ ಮೇಲೆ ಮಂಜು ಬೆರಳುದ್ದ ಕೂಡ ಉಳಿದಿಲ್ಲ ಎಂದರು. ಪಾಠ ಅರ್ಧಕ್ಕೆ ಬಿಟ್ಟು ಬಂದೆ.

ಪಶು ಇಲಾಖೆಗೆ ನೈಟ್ರೋಜನ್ ಧಾರವಾಡದ ಕಡೆಯಿಂದ ಬರುತ್ತದೆ, ಆ ದಾರಿ ಖುಲ್ಲಾ ಇತ್ತು. ಇವರು ಬಾಗೇವಾಡಿಗೆ ಓಡಿ ಸಾಹೇಬರ ಮುಂದೆ ನಿಂತರು. ಸಾಹೇಬರು ಮೊದಲು ಒಪ್ಪಲಿಲ್ಲ, ಸರಕಾರದ ಮಾಲು. ಆಮೇಲೆ, ಲಾರಿ ಬಂದ ಮೇಲೆ ಅಷ್ಟನ್ನೇ ಹಿಂದಿರುಗಿಸುತ್ತೇವೆ ಎಂದು ಮೇಡಂ ಬರೆದುಕೊಟ್ಟರೆ ಆಗಬಹುದು ಎಂದರು. "ಎಮ್ಮಿ ಮಾಲಕರು ಬಂದು ನನ್ನ ಕೊಳ್ಳಪಟ್ಟಿ ಹಿಡದ್ರ ನೀನ ನಿಲ್ಲಬೇಕ ನೋಡು" ಎಂದು ಇವರಿಗೆ ತಾಕೀತು ಮಾಡಿದರು. ಇನ್ನು ಗಾಡಿ ಬೇಕಿತ್ತು. ನಿಮ್ಮ ಮನೆಯವರ ಅಂಗಡಿಗೆ ಫೋನು ಮಾಡಿದೆ. ನಾನು ಮಾತು ಮುಗಿಸುವುದರೊಳಗೆ ಫೋನು ಇಟ್ಟು, ಟೆಂಪೋ ತಗೊಂಡು ಬಾಗೇವಾಡಿಗೆ ಬಂದೇಬಿಟ್ಟರು.

ಅಕ್ಕ, ಆ ಪ್ರಯಾಣವನ್ನು ನೀವು ನೋಡಬೇಕಿತ್ತು. ಪಶು ಇಲಾಖೆಯ ಸೊಂಟದೆತ್ತರದ ಕ್ಯಾನಿಗೆ ಸುತ್ತ ಮದುವೆಮನೆಯ ಗಾದಿ, ಅದರ ಮೇಲೆ ಪೆಂಡಾಲಿನ ಹಗ್ಗ. ನೈಟ್ರೋಜನ್ ಆವಿ ಮುಚ್ಚಿದ ಜಾಗದಲ್ಲಿ ಕೂಡಿಕೊಂಡರೆ ಉಸಿರುಗಟ್ಟುತ್ತದೆ ಎಂದು ತಾಡಪತ್ರಿ ಹೊದಿಸಲಿಲ್ಲ. ಹಿಂದೆ ನಾವಿಬ್ಬರೂ ಕ್ಯಾನನ್ನು ಹಿಡಿದುಕೊಂಡು ಮಳೆಯಲ್ಲಿ ತೊಯ್ದು ತೊಪ್ಪೆ. ನಿಮ್ಮ ಮನೆಯವರು ಒಂದೊಂದು ತೆಗ್ಗು ಬಂದಾಗಲೂ ಗಾಡಿ ನಿಲ್ಲಿಸಿ, ಇಳಿದು, ತೆಗ್ಗನ್ನು ನೋಡಿ, ಮತ್ತೆ ಹತ್ತುತ್ತಿದ್ದರು. ಎತ್ತಿನ ಚಕ್ಕಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಚಕ್ಕಡಿಯವನು ತಿರುತಿರುಗಿ ನೋಡಿ, ದೇವರನ್ನು ಒಯ್ಯುತ್ತಿದ್ದೀರಾ ಎಂದು ಕೇಳಿದ. ಇವರು ಹೌದೆಂದರು.

ಸಿಸ್ಟರು ಸುರಿದರು, ನೆಲವೆಲ್ಲ ಬಿಳಿ ಹೊಗೆ. ಕೋಲು ಇಳಿಸಿ ತೆಗೆದು ಬೀಸಿದರು. ಮಂಜು ಮೊಳದುದ್ದ ಕೂತಿತು. ನಳಿಕೆಗಳು ಒಂದು ಕ್ಷಣವೂ ದ್ರವದಿಂದ ಹೊರಗೆ ಬಂದಿರಲಿಲ್ಲ ಎಂದರು. ನಾನು ಮಕ್ಕಳ ಹಾಗೆ ಚಪ್ಪಾಳೆ ಹೊಡೆದೆ. ನಿಮ್ಮ ಮನೆಯವರು ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಇದನ್ನು ನಿಮಗೆ ಹೇಳಬೇಡಿ ಎಂದಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನದು ಯಾವಾಗ ಎಂದು ಕೇಳಿದ್ದಿರಿ. ಮೊದಲು ನಿಮ್ಮದು ಆಗಲಿ. ಈ ಸಲ ಮಸೂತಿಯ ಎಮ್ಮೆಗಳ ಪಾಲು ನಿಮಗೆ ಬಂದಿದೆ, ಇನ್ನು ಅವುಗಳ ಮೇಲೆ ಸಿಟ್ಟು ಮಾಡುವಂತಿಲ್ಲ.

ನಿಮ್ಮ,
ಕೋಮಲ


ಅಂಚೆ ಕಾರ್ಡು
ಮುದ್ದೇಬಿಹಾಳ
೩೦ ಸೆಪ್ಟೆಂಬರ್ ೨೦೦೬

ವಿದ್ಯಕ್ಕ, ಈ ತಿಂಗಳ ಮೊದಲಿಗೆ ನಿಮ್ಮ ಹೊಲಿಗೆ ಪರೀಕ್ಷೆ ಇತ್ತಲ್ಲ. ಫಲಿತಾಂಶ ಏನಾಯಿತು? ಪಾಸೋ ಫೇಲೋ, ಒಂದು ಗೆರೆ ಬರೆಯಿರಿ. ಅಂಚೆಯವನ ದಾರಿ ಕಾದು ಕಾದು ಸಾಕಾಗಿದೆ. ಕೋಮಲ.


ಸಾಲೋಟಗಿ
೧೪ ಅಕ್ಟೋಬರ್ ೨೦೦೬

ಕೋಮಲ,

ಪಾಸು. ನಿನ್ನೆ ಮೇಡಂ ಯಂತ್ರದಲ್ಲಿ ತೋರಿಸಿದರು. ಸಣ್ಣದೊಂದು ಚುಕ್ಕೆ ಟುಕುಟುಕು ಬಡಿಯುತ್ತಿತ್ತು. ಎರಡರಲ್ಲಿ ಒಂದು ಹೊರತೆಗೆದಾಗ ಉಳಿಯಲಿಲ್ಲ, ಇನ್ನೊಂದು ಉಳಿಯಿತು, ಅದೇ ಇದು. ಇವರು ಆ ಪರದೆಗೆ ಕೈಮುಗಿದು ನಿಂತುಬಿಟ್ಟರು, ಮೇಡಂ ನಗುತ್ತ ಹೊರಗೆ ಕಳಿಸಬೇಕಾಯಿತು. ನಾನು ಬಸುರಿ, ಕೋಮಲ. ಈ ಮಾತು ಬರೆಯುವಾಗ ಕೈ ತಾನೇ ಕುಣಿಯುತ್ತದೆ.

ತೆರೆದ ಕಾರ್ಡೆಂದು ಹೊಲಿಗೆ ಪರೀಕ್ಷೆಯ ಹೆಸರಿನಲ್ಲಿ ಕೇಳಿದ್ದೀಯ, ಅದು ಬಂದು ವಾರದ ಮೇಲಾಯಿತು. ನಾನು ಬರೆಯದೆ ಕೂತದ್ದು ಸಿಟ್ಟಿಗೆ. ಭ್ರೂಣ ಸೇರಿಸಿದ ದಿನ ಮಂಚದ ಮೇಲೆ ಮಲಗಿ ಭಾಗ್ಯಜ್ಯೋತಿಗೆ ಕೇಳಿದೆ, ನಮ್ಮ ಕೋಮಲಂದು ಯಾವಾಗರೀ ಎಂದು. ಸಿಸ್ಟರು ಮುಖ ಆ ಕಡೆ ತಿರುಗಿಸಿದರು. ಬಿಡಲಿಲ್ಲ, ಹಟ ಹಿಡಿದು ಕೇಳಿದೆ. ನಿನ್ನವು ಜೂನಿನಲ್ಲೇ ಮುಗಿದವಂತೆ. ತಪಾಸಣೆ ಎಂದು ನನಗೆ ಬರೆದ ದಿನವೇ ಹೊರತೆಗೆದಿದ್ದರಂತೆ, ಒಂದೂ ಉಳಿಯಲಿಲ್ಲವಂತೆ. ಅದನ್ನು ಕೇಳಿದ ಮೇಲೆ ನೀನು ಓಣಿಗೆ ಹೋಗಿ ನಮ್ಮ ಜನರೇಟರಿಗೆ ವೈರು ಹುಡುಕಿದ್ದೀಯ. ಬಸ್ಸಿನಲ್ಲಿ ಕೂತು ನನ್ನನ್ನು ನಗಿಸಲು ಪತ್ರ ಬರೆದಿದ್ದೀಯ. ಆಗಸ್ಟಿನಲ್ಲಿ ಆ ಕೊಡದಲ್ಲಿ ನಿನ್ನದು ಎಂಬುದು ಏನೂ ಇರಲಿಲ್ಲ. ಮಳೆಯಲ್ಲಿ ತೊಯ್ದುಕೊಂಡು ನೀವಿಬ್ಬರೂ ಅಪ್ಪಿ ಹಿಡಿದು ತಂದದ್ದು ನನ್ನ ಕೂಸಿನ ಪಾಲಿನದು. ನಾನೋ, ಪಕ್ಕಪಕ್ಕ ಮಲಗಿವೆ, ಒಂದೇ ವಾರ ಹೋಗೋಣ ಎಂದು ನಿನಗೆ ಕನಸು ಬರೆಯುತ್ತ ಕೂತಿದ್ದೆ. ನೀನು ನನಗೆ ಹೇಳಬೇಕಿತ್ತು. ನಿನ್ನ ಜೊತೆ ಅಳಲು ನಾನು ಇರಲಿಲ್ಲವೇ? ಬಹಳ ಸಿಟ್ಟು ಬಂದಿದೆ, ಈಗಲೂ ಇದೆ.

ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಆಸ್ಪತ್ರೆ, ಕೊಡ, ಭೀಮೆ, ಎಮ್ಮೆ, ಒಂದನ್ನೂ ಬಿಡಲಿಲ್ಲ. ಅತ್ತೆ ಬಾಯಿಗೆ ಸೆರಗು ಹಿಡಿದು ಕೇಳಿದರು. ಕೊನೆಗೆ ಅವರು ಕೇಳಿದ್ದು ಒಂದೇ, ತವರಿನಿಂದ ಕಳ್ಳ ಕುಬಸ ಯಾರು ತರುತ್ತಾರೆ? ನಿಮ್ಮ ಕಡೆಯೂ ಇದೆಯಲ್ಲ, ಹೊಟ್ಟೆ ಕಾಣುವ ಮೊದಲು ತವರಿನವರು ಯಾರಿಗೂ ಸುದ್ದಿಯಿಲ್ಲದೆ ಬಂದು ಹಸಿರು ಕುಬಸ ತೊಡಿಸಿ ಉಡಿ ತುಂಬಿ ಹೋಗುವುದು. ನನ್ನ ತಂದೆತಾಯಿ ಇಲ್ಲ, ಒಡಹುಟ್ಟಿದವರೂ ಇಲ್ಲ. ನಾನು ನಿನ್ನ ಹೆಸರು ಹೇಳಿದೆ.

ಅತ್ತೆ ತಟ್ಟನೆ ಅಂದರು: "ಮಕ್ಕಳಾಗದಾಕಿ ಕೈಲೆ ಯಾರರ ಉಡಿ ತುಂಬಿಸ್ಕೊಂತಾರೇನ?" ಬಾಯಿಬಿಟ್ಟು ಆಡದ ಇನ್ನೊಂದು ಮಾತೂ ಇತ್ತು. ನಿಮ್ಮ ಮನೆಯಲ್ಲಿ ಬುದ್ಧನ ಪಟ ಇದೆ, ನಮ್ಮಲ್ಲಿ ಬಸವಣ್ಣನದು. ನಮ್ಮ ಓಣಿ ಯಾವುದು, ನಿಮ್ಮ ಓಣಿ ಯಾವುದು ಎಂದು ನಾನು ನಿನಗೆ ಬಿಡಿಸಿ ಬರೆಯಬೇಕಿಲ್ಲ. ನಾನು ಹೇಳಿದೆ: "ಆಕಿ ಕೈ ಇಲ್ಲದಿದ್ರ ಈ ಹೊಟ್ಟ್ಯಾಗ ಏನೂ ಇರ್ತಿದ್ದಿಲ್ರಿ. ಆಕಿ ತಂದ್ರ ತೊಟ್ಕೋತೇನಿ, ಇಲ್ಲಂದ್ರ ಕುಬಸನ ಬ್ಯಾಡ." ಅತ್ತೆ ಎದ್ದು ಹೋದರು.

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದರು. "ಖಣ ಹಸರ ಇರ್ಲಿ ಅಂತ ಬರಿ. ಊಟಕ್ಕ ಅಡಗಿಮನ್ಯಾಗ ನನ್ನ ಬಾಜೂಕ ಕೂಡ್ರಾಕಿ, ಹೊರಗ ಅಲ್ಲ. ಅದನ್ನೂ ಬರಿ." ಬರೆದಿದ್ದೇನೆ.

ಇನ್ನು ನಿನ್ನ ಮಾತು. ನಿನ್ನ ಒಡಲು ಇನ್ನೂ ಉರಿಯುತ್ತಿರುವಾಗ ನನ್ನ ಉಡಿ ತುಂಬು ಬಾ ಎನ್ನುವುದು ಎಷ್ಟು ಕ್ರೂರ ಎಂದು ನನಗೆ ಗೊತ್ತು. ಆಗದಿದ್ದರೆ ಆಗುವುದಿಲ್ಲ ಎಂದು ಬರೆ, ನನಗೆ ಬೇಸರವಿಲ್ಲ. ಆದರೆ ಈ ಸಲ ನಿಜ ಬರೆ.

ವಿದ್ಯಕ್ಕ


ಮುದ್ದೇಬಿಹಾಳ
೨೩ ಅಕ್ಟೋಬರ್ ೨೦೦೬

ವಿದ್ಯಕ್ಕ,

ನಿಜ ಬರೆಯುತ್ತೇನೆ. ನಿಮ್ಮ ಪತ್ರವನ್ನು ಎದೆಗೆ ಹಿಡಿದುಕೊಂಡು ಜೋರಾಗಿ ಅತ್ತೆ. ಜೂನಿನಿಂದ ಹಾಗೆ ಅತ್ತಿರಲಿಲ್ಲ. ನಿಮ್ಮ ಕೂಸಿನ ಖುಷಿ ಎಷ್ಟು, ನನ್ನದರ ಸಂಕಟ ಎಷ್ಟು ಎಂದು ಬೇರೆ ಮಾಡಲು ಬರಲಿಲ್ಲ. ಇವರು ಬಂದು ಪಕ್ಕದಲ್ಲಿ ಕೂತರು, ಅವರೂ ಅತ್ತರು. ಆಮೇಲೆ ಹಸಿವಾಯಿತು, ಇಬ್ಬರೂ ಬಿಸಿ ರೊಟ್ಟಿ ಮಾಡಿಕೊಂಡು ಉಂಡೆವು.

ಜೂನಿನಲ್ಲಿ ನಿಮಗೆ ಹೇಳಿದ್ದರೆ, ಅದೇ ಕೊಡದಲ್ಲಿ ಇದ್ದವು ಉಳಿಯಲಿಲ್ಲ ಎಂದು ನೀವು ಧೈರ್ಯಗೆಡುತ್ತಿದ್ದಿರಿ. ಅದಕ್ಕೆ ಹೇಳಲಿಲ್ಲ. ಇನ್ನೊಂದು ಕಾರಣವೂ ಇದೆ. ನೀವು ನನ್ನ ಕೂಸನ್ನು ನಿಮ್ಮ ಕೂಸಿನ ಪಕ್ಕ ಮಲಗಿಸಿ ಬರೆಯುತ್ತಿದ್ದಿರಿ. ನಿಮ್ಮ ಪತ್ರಗಳಲ್ಲಿ ಅದು ಇನ್ನೂ ಇತ್ತು. ಅದನ್ನು ಅಳಿಸಿಹಾಕಲು ನನ್ನ ಕೈ ಏಳಲಿಲ್ಲ.

ಇನ್ನೊಮ್ಮೆ ಪ್ರಯತ್ನ ಮಾಡೋಣ ಎಂದು ಮೇಡಂ ಹೇಳಿದ್ದಾರೆ. ನನಗಿನ್ನೂ ಮೂವತ್ತೆರಡು. ನೋಡೋಣ.

ನಿಮ್ಮ ಅತ್ತೆಯವರಿಗೆ ನನ್ನ ಶರಣು ಹೇಳಿ. ಮುಂದಿನ ತಿಂಗಳು ಮೊದಲ ರವಿವಾರ ಇವರ ಜೊತೆ ಬರುತ್ತೇನೆ, ನಿಮ್ಮ ಅತ್ತೆಯವರ ಪಕ್ಕದಲ್ಲೇ ಕೂತು ಉಣ್ಣುತ್ತೇನೆ. ನಿನ್ನೆ ಸಂಜೆ ಜೈನುದ್ದೀನನ ಅಂಗಡಿಗೆ ಹೋಗಿ ಕುಬಸಕ್ಕೆ ಗುಳೇದಗುಡ್ಡದ ಹಸಿರು ಖಣ ಆರಿಸಿದೆ. ಅಂಗಡಿಯ ಖಣವೆಲ್ಲ ತೆಗೆಸಿ, ಬಿಸಿಲಿಗೆ ಹಿಡಿದು ನೋಡಿ, ಜರಿ ಒರಟಿದ್ದರೆ ಬಸುರಿ ಮೈಗೆ ಚುಚ್ಚುತ್ತದೆ ಎಂದು ಅವನಿಗೆ ಸಾಕುಸಾಕು ಮಾಡಿದೆ. ಕೊನೆಗೆ ಮಡಚಿ ಕೊಡುತ್ತ, ಇಷ್ಟು ಹುಡುಕಿದಿರಿ, ಯಾರಿಗೆ ಅಕ್ಕೋರ ಎಂದು ಕೇಳಿದ.

"ನಮ್ಮ ಮನಿ ಮಗಳಿಗೆ" ಅಂದೆ.

ನಿನ್ನ,
ಕೋಮಲ